ಗುಂಯ್ ಎನ್ನದ ಪೆಟ್ಟಿಗೆ

ಮಾರ್ಚ್ ೮, ಭಾನುವಾರ

ಪ್ರೀತಿಯ ತಮ್ಮ ಗುಂಡನಿಗೆ,

ಹೇಗಿದ್ದೀಯೋ? ನಿನ್ನ ಪತ್ರಕ್ಕೆ ಉತ್ತರ ಬರೆಯದೆ ತಲೆಮರೆಸಿಕೊಂಡಿದ್ದಕ್ಕೆ ಬೈಯಬೇಡ. ಯೂನಿವರ್ಸಿಟಿಯ ಕುಲುಮೆ ಬಿಟ್ಟು ಬೇರೆ ಮುಖ ನೋಡಿಲ್ಲ. ಕುಲುಮೆಗೆಲ್ಲಿಯ ಮುಖ ಅಂತ ನೀನು ಹಲ್ಲು ಕಿರಿಯುತ್ತೀ, ಗೊತ್ತು.

ಸಂತೋಷದ ಸುದ್ದಿ ಮೊದಲು. ನಮ್ಮ ಉಕ್ಕಿನ ತಗಡು ಗೆದ್ದಿತು! ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಅದರ ಹೊಟ್ಟೆಯೊಳಗಿನ ತಗಡುಗಳಿಂದ. ಕಾಂತತ್ವ ಏರಿಳಿದಂತೆಲ್ಲ ಅವು ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತವೆ. ನಾವು ಲೋಹದ ಮಿಶ್ರಣ ಬದಲಿಸಿ, ಹದವಾಗಿ ಕಾಯಿಸಿ ಆರಿಸಿ, ಆ ನಡುಕವನ್ನೇ ಅಡಗಿಸಿದ್ದೇವೆ. ಪ್ರಯೋಗಕ್ಕೆ ಒಂದು ಬೀದಿ ಬೇಕಿತ್ತು. "ನಮ್ಮ ಬೀದಿಯಲ್ಲೇ ಇಡಿ" ಎಂದು ಕರೆಂಟಿನ ಆಫೀಸಿನವರಿಗೆ ದುಂಬಾಲು ಬಿದ್ದೆ. ಕಿಟಕಿಯೆದುರು ಸದಾ ಗುಂಯ್‌ಗುಡುತ್ತಿದ್ದ ಹಳೇ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ನಾವು ಜೇನುಗೂಡು ಅಂತಿದ್ದೆವಲ್ಲ, ಅದನ್ನು ಇಳಿಸಿ ನಮ್ಮದನ್ನು ಏರಿಸಿದರು. ಅಮ್ಮ ಹೋದಮೇಲೆ ಅಪ್ಪನಿಗೆ ನಿದ್ದೆ ಅಷ್ಟಕ್ಕಷ್ಟೇ. ಇನ್ನಾದರೂ ಕಣ್ತುಂಬ ನಿದ್ದೆ ಮಾಡಲಿ ಎಂಬುದು ನನ್ನ ಆಸೆಯಾಗಿತ್ತು.

ಆದರೆ ಅಪ್ಪ ಯಾಕೋ ಸರಿಯಿಲ್ಲ ಕಣೋ. ಮೊದಲ ದಿನವೇ "ಕರೆಂಟ್ ಹೋಯ್ತಾ?" ಅಂದರು. "ಫ್ಯಾನ್ ತಿರುಗ್ತಿದೆಯಲ್ಲಪ್ಪ" ಅಂದೆ. ಮಾರನೆಯ ದಿನವೂ ಅದೇ ಪ್ರಶ್ನೆ. ಅಮ್ಮ ಬಟ್ಟೆ ಹೊಲಿಯುತ್ತಾ ಹಾಡಿಕೊಳ್ಳುತ್ತಿದ್ದ ಆ ಕಿಟಕಿಯ ಬಳಿ ಸಂಜೆಯಿಡೀ ಕೂರುತ್ತಿದ್ದವರು ಈಗ ಅತ್ತ ಸುಳಿಯುವುದಿಲ್ಲ. ಕುರ್ಚಿಯನ್ನು ಹಿಂದಿನ ಕೋಣೆಗೆ ಎಳೆದುಕೊಂಡಿದ್ದಾರೆ. ಇಷ್ಟು ವರ್ಷದ ನನ್ನ ಕೆಲಸಕ್ಕೆ ಒಂದು ಭೇಷ್ ಕೂಡ ಇಲ್ಲವಲ್ಲ ಎಂದು ನಾನೂ ಮುಖ ಊದಿಸಿಕೊಂಡಿದ್ದೆ. ಈಗ ನಾಚಿಕೆಯಾಗುತ್ತಿದೆ.

ನೀನೊಮ್ಮೆ ಬಂದು ಹೋಗೋ. ನಿನಗೂ ನಿನ್ನವಳಿಗೂ ಮಕ್ಕಳಿಗೂ ಆರೋಗ್ಯ ಗಟ್ಟಿಯಾಗಿರಲಿ, ನಿಮ್ಮ ಮನೆ ತುಂಬ ಗದ್ದಲವಿರಲಿ.

ನಿನ್ನ ಅಕ್ಕ

ವಿ.ಸೂ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ. ನಿನ್ನೆ ಅಪ್ಪನನ್ನು ಕೆದಕಿ ಕೆದಕಿ ಕೇಳಿದೆ. "ನಿಮ್ಮಮ್ಮ ಆ ಪೆಟ್ಟಿಗೆ ಸದ್ದನ್ನೇ ಶ್ರುತಿ ಮಾಡ್ಕೊಂಡು ಹಾಡ್ತಿದ್ಳು ಮಗಳೇ. ಅದು ಕೇಳಿಸ್ತಿದ್ರೆ, ಇನ್ನೇನು ಹಾಡು ಶುರು ಮಾಡ್ತಾಳೆ ಅನ್ನಿಸ್ತಿತ್ತು" ಅಂದರು. "ಮೊದ್ಲೇ ಹೇಳಬಾರದಿತ್ತಾ ಅಪ್ಪ?" ಅಂದೆ. "ನೀನು ಅಷ್ಟು ಖುಷಿಯಾಗಿದ್ದೆ, ಹೇಗೆ ಹೇಳ್ಲಿ?" ಅಂದರು. ಹಳೆಯದನ್ನೇ ಮತ್ತೆ ಹಾಕಿಸೋಣವೆಂದು ಎದ್ದವಳು ಬಾಗಿಲಲ್ಲೇ ನಿಂತುಬಿಟ್ಟೆ. ಹೊಸದರ ಜೊತೆ ಹೋಲಿಸಿ ನೋಡಬೇಕೆಂದು ಅದನ್ನು ಲ್ಯಾಬಿಗೆ ತರಿಸಿಕೊಂಡು, ಅದರ ತಗಡುಗಳನ್ನೆಲ್ಲ ಬೆರಳಗಲದ ಚೂರುಗಳಾಗಿ ಕತ್ತರಿಸಿ ಹಾಕಿದವಳು ನಾನೇ.