ಕಾಯಬಹುದಾಗಿದ್ದ ಮಂಡಿ

ಫೆಬ್ರವರಿ 19

ಪ್ರೀತಿಯ ತಂಗಿ,

ನೀನೂ ನಿನ್ನವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದೆ ಕುಳಿತೆ, ಬೇಸರಿಸಬೇಡ. ಕೈ ನಡುಗುತ್ತದೆ ಎಂದು ನಿನ್ನ ಭಾವನಿಂದ ಹೇಳಿಸಿದ್ದು ಬರೀ ನೆಪ.

ಹೋದ ವರ್ಷ ನೀನು ಹೊಸ ಮಂಡಿ ಹಾಕಿಸಿಕೊಂಡು ನಮ್ಮ ಪ್ರೆಸ್ಸಿಗೆ ಬಂದೆಯಲ್ಲ, ಆ ಕಡಿದಾದ ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಹತ್ತಿದೆ. ನಿನ್ನ ಭಾವ ಓದುತ್ತಿದ್ದ ಹಾಳೆ ಕೆಳಗಿಟ್ಟು, "ನೋಡೇ, ಹೇಗೆ ಹತ್ತಿಬಿಟ್ಲು" ಎಂದರು. ಅವರು ಗಟ್ಟಿಯಾಗಿ ಓದುವುದು, ನಾನು ಕರಡಿನಲ್ಲಿ ತಪ್ಪು ತಿದ್ದುವುದು, ಇಪ್ಪತ್ತಾರು ವರ್ಷದ ಕೆಲಸ. ಅಂದು ಮಾತ್ರ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೊಟ್ಟೆಕಿಚ್ಚಿಗೆ ಮರುದಿನವೇ ಆಸ್ಪತ್ರೆಗೆ ಹೋಗಿ, ಕುಂಟಿಸುತ್ತಿದ್ದ ನನ್ನ ಮಂಡಿಗೂ ಹೆಸರು ಬರೆಸಿ ಬಂದೆ.

ನನ್ನ ಸರದಿ ಬರುವಷ್ಟರಲ್ಲಿ ಊರಿಗೆ ಸೋಂಕು ಬಂದಿತ್ತು. "ಮಂಡಿ ಆರು ತಿಂಗಳು ಕಾಯುತ್ತೆ ಕಣಮ್ಮ. ಕೆಳಗಿನ ವಾರ್ಡು ಪೂರ್ತಿ ಜ್ವರದವರೇ. ಆಪರೇಷನ್ ಆದ ಮೈಗೆ ಅದು ತಗಲಿದರೆ ಶ್ವಾಸಕೋಶ ತಡೆಯಲ್ಲ" ಎಂದರು ಡಾಕ್ಟರು.

"ನನ್ನ ತಂಗಿಗೆ ಆಗಿದ್ದು ನನಗ್ಯಾಕೆ ಆಗಲ್ಲ?"

"ಅವರಿಗೆ ಮಾಡುವಾಗ ಈ ಕಾಯಿಲೆ ಇರಲಿಲ್ಲವಲ್ಲ."

ಪಟ್ಟು ಹಿಡಿದು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದೆ. ನಿನ್ನ ಭಾವ "ಬೇಡ ಕಣೇ" ಎಂದದ್ದಕ್ಕೆ, "ನಾನು ಕುಂಟುತ್ತಲೇ ಇರಲಿ ಅಂತ ನಿಮಗೆ" ಎಂದು ಬಾಯಿ ಮುಚ್ಚಿಸಿದೆ.

ಆಪರೇಷನ್ ಆದ ನಾಲ್ಕನೆಯ ದಿನ ಜ್ವರ ಏರಿತು. ಹನ್ನೊಂದು ದಿನ ಆಕ್ಸಿಜನ್ ಹಾಕಿದ್ದರು. ಜ್ವರ ಯಾವುದೆಂದು ಗೊತ್ತಾಗುವವರೆಗೂ ನನ್ನ ಪಕ್ಕದಿಂದ ಏಳದೆ ಕೂತಿದ್ದ ನಿನ್ನ ಭಾವನಿಗೂ ಅದು ಅಂಟಿತು. ನಾನು ಹೇಗೋ ಚೇತರಿಸಿಕೊಂಡೆ. ಅವರು ಮನೆಗೆ ಬಂದದ್ದು ಒಂದೂವರೆ ತಿಂಗಳ ಮೇಲೆ. ಈಗ ಅರ್ಧ ಸಾಲು ಓದುವಷ್ಟರಲ್ಲಿ ಅವರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ನಾನು ಓದುತ್ತೇನೆ, ಅವರು ತಿದ್ದುತ್ತಾರೆ. ಮಂಡಿ ಚೆನ್ನಾಗಿ ಕೂತಿದೆ, ಸಲೀಸಾಗಿ ಮೆಟ್ಟಿಲು ಹತ್ತುತ್ತೇನೆ. ಅವರು ನಡುವೆ ಎರಡು ಸಲ ಕೂರುತ್ತಾರೆ.

ನೀನು ಮಕ್ಕಳೊಂದಿಗೆ ನೂರು ಕಾಲ ಸುಖವಾಗಿರು. ಈ ಸಲ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ
ಅಕ್ಕ

ಹೇಳದೆ ಉಳಿದದ್ದು: ಮದುವೆಗೆ ಮುಂಚೆ ನಿನ್ನ ಭಾವ ಕೇಳಿದ್ದು ನಿನ್ನನ್ನು. ದೊಡ್ಡವಳಿರುವಾಗ ಚಿಕ್ಕವಳನ್ನು ಹೇಗೆ ಕೊಡಲಿ ಎಂದು ಅಪ್ಪ ನನ್ನನ್ನು ಕೊಟ್ಟರು. ನಿನಗಿದು ತಿಳಿಯದು. ನಾನು ಒಂದು ದಿನವೂ ಮರೆತಿಲ್ಲ. ಜ್ವರದಲ್ಲಿ ಅವರು ಏನೇನು ಬಡಬಡಿಸಿದರೆಂದು ವಾರ್ಡಿನಲ್ಲಿ ಅವರನ್ನು ನೋಡಿಕೊಂಡಿದ್ದ ನರ್ಸಮ್ಮನನ್ನು ಮೊನ್ನೆ ಕೇಳಿದೆ, ಎಲ್ಲಿ ನಿನ್ನ ಹೆಸರು ಹೇಳಿಬಿಡುತ್ತಾಳೋ ಎಂದು ಹೆದರುತ್ತಲೇ. "ಒಂದೇ ಮಾತಮ್ಮ. 'ನಮ್ಮವಳು ನಡೆದ್ಲಾ, ನಡೆದ್ಲಾ' ಅಂತ" ಎಂದಳು.