ನಾನು ಅಳಿಸಿದ ಬಿಸಿ

ಅಪ್ಪಾ,

ಇವತ್ತು ನನ್ನದೇ ಒಂದು ತಪ್ಪು ಕೈಗೆ ಸಿಕ್ಕಿತು. ದೂರದ ಗ್ಯಾಲಕ್ಸಿಯೊಂದರ ಉರಿಯುವ ನಡುಭಾಗವನ್ನು ಧೂಳು ಮುಚ್ಚಿಕೊಂಡಿದೆ. ಶಾಖವನ್ನು ಕಾಣುವ ಅವಕೆಂಪು ಕ್ಯಾಮೆರಾದಲ್ಲಿ ಆ ಧೂಳೇ ಹೊಳೆಯುತ್ತದೆ. ಆ ಹೊಳಪನ್ನು ನಾನು ದೂರದರ್ಶಕದ್ದೇ ಬಿಸಿಯೆಂದುಕೊಂಡು ಮೂರು ವರ್ಷ ಚಿತ್ರಗಳಿಂದ ಅಳಿಸುತ್ತಾ ಬಂದಿದ್ದೆ.

ನಿನ್ನ ಕುಲುಮೆ ನೆನಪಾಯಿತು. ಕಪ್ಪಗೆ ಬಿದ್ದಿದ್ದ ಸಲಾಕೆಯನ್ನು ನಾನು ಮುಟ್ಟಲು ಹೋದಾಗ ನೀನು ನನ್ನ ಕೈ ಹಿಡಿದೆಳೆದು, ಅಂಗೈ ಮಗುಚಿ, ಅದರ ಮೇಲೆ ಗೇಣೆತ್ತರದಲ್ಲಿ ಹಿಡಿಸಿದ್ದೆ. "ಕೆಂಪಗಿಲ್ಲ ಅಂದ್ರೆ ತಣ್ಣಗಿದೆ ಅಂತಲ್ಲ ಕಣೇ, ಪೆದ್ದಿ."

ನಾನು ಓದಲು ಹೊರಟ ದಿನ ನೀನು ತಲೆ ಎತ್ತದೆ ಸುತ್ತಿಗೆ ಬಡಿಯುತ್ತಲೇ ಇದ್ದೆ. ನಿನಗೆ ಕೆಲಸವೇ ಹೆಚ್ಚೆಂದು ಮುನಿದು, 'ಬರ್ತೀನಿ' ಎನ್ನದೆಯೇ ನಡೆದೆ.

ನೀನು ತೀರಿಹೋದಮೇಲೆ ಅಮ್ಮ ಹೇಳಿದಳು: "ಅವತ್ತು ಕುಲುಮೆಗೆ ಬೆಂಕಿನೇ ಹಾಕಿರ್ಲಿಲ್ಲ ಕಣೇ. ತಣ್ಣನೆ ಕಬ್ಬಿಣ ಬಡೀತಿದ್ರು."