ಕರಗಿದ ಬೊಂಬೆಯ ಕಂತು

ಚನ್ನಪಟ್ಟಣ
೧೪-೨-೨೦೨೫

ಪ್ರೀತಿಯ ಯಜಮಾನರಿಗೆ, ಶಿವಲಕ್ಷ್ಮಿಯ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಹೈದರಾಬಾದಿನ ಖಾರ ನಿಮ್ಮ ಹೊಟ್ಟೆಗೆ ಹಿಡಿಯುತ್ತಿದೆಯೇ? ಅಲ್ಲಿ ಮುದ್ದೆ ಸಿಗುವುದಿಲ್ಲವಲ್ಲ ಎಂದು ಅತ್ತೆಗೆ ದಿನಾ ಅದೇ ಚಿಂತೆ. ಅವರು ಆರಾಮವಾಗಿದ್ದಾರೆ. ಫೋನ್ ಮಾಡಿದರೆ “ಹ್ಞೂಂ ಕಣೆ, ಕೆಲ್ಸ ಐತೆ” ಅಂತ ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಜೊತೆ ಕೆಲಸ ಮಾಡುವ ಗಫಾರ್ ನಿಮಗೆ ಬೊಂಬೆ ಕಡೆಯುವ ಆಲೆಮರದ ತುಂಡುಗಳನ್ನು ತರುತ್ತಾನಲ್ಲ, ಅವನ ಕೈಯಲ್ಲಿ ಈ ಪತ್ರ ಕಳಿಸುತ್ತೇನೆ.

ಮೊನ್ನೆ ಮಗಳು ಫೋನಿನಲ್ಲಿ ನಿಮ್ಮ ವಿಡಿಯೋ ತೋರಿಸಿದಳು. ಹಿಂದೆ ನೀವು ಬೊಂಬೆ ಮಾಡಿಕೊಟ್ಟಿದ್ದ ಹಳೇ ಟೀವಿ ಧಾರಾವಾಹಿ ‘ಗಗನದಾಚೆ’ಯ ಅಭಿಮಾನಿಗಳು ಅಲ್ಲಿ ಮಾಡುತ್ತಿರುವ ಪ್ರದರ್ಶನವಂತೆ. ಪಕ್ಕದಲ್ಲಿ ಅದರ ನಾಯಕಿ, ಆ ನಟಿ ಪ್ರತಿಮಾ. ವಯಸ್ಸು ಅರವತ್ತಾದರೂ ಏನು ಸೀರೆ, ಏನು ನಗು! ನೀವೋ, ನನ್ನ ತಮ್ಮನ ಮದುವೆಗೂ ಹಾಕದ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದೀರಿ. “ಬೊಂಬೆ ಕರಗೋಯ್ತು ಅಂತ ಜನ ನಗ್ತಾರೆ ಅಂತ ಆ ವರ್ಸ ಪೂರಾ ಪೇಟೆ ಬೀದಿಗೇ ಹೋಗ್ನಿಲ್ಲ ಮೇಡಂ” ಅಂದಿರಿ. ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ನನಗೆ ಈ ಮಾತು ಹೇಳಲಿಲ್ಲ, ಆಕೆಗೆ ಹೇಳಿದಿರಿ. ಅತ್ತೆ ನೋಡಿ, “ಯಾಕವ್ವಾ ಹಂಗೆ ಹಲ್ಲು ಕಡೀತಾ ಕೂತಿದೀಯ?” ಅಂದರು. ಹೌದು ರೀ, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನಿದೆ?

ಆಕೆಯನ್ನು ನೋಡಿಯೇ ಬಿಡೋಣವೆಂದು ಬೊಂಬೆ ಕರಗಿದ ಆ ಕಂತನ್ನು ಮಗಳ ಫೋನಿನಲ್ಲಿ ಹಾಕಿಸಿದೆ. ಮದುವೆಯಾಗಿ ಬಂದಾಗಿನಿಂದ ಊರೆಲ್ಲ ನಿಮ್ಮನ್ನು ‘ಕರಗಿದ ಬೊಂಬೆ’ ಅಂತ ಆಡಿಕೊಂಡಿದ್ದು ಕೇಳಿದ್ದೆ, ಕಂತನ್ನು ನೋಡಿರಲಿಲ್ಲ. ನನ್ನ ತವರು ವಿರೂಪಾಕ್ಷಿಪುರದಲ್ಲಿ ಆಗ ಟೀವಿಯೇ ಇರಲಿಲ್ಲವಲ್ಲ. ಕಂತಿನಲ್ಲಿ ರಾಮನಗರದ ಬಂಡೆಗಳೇ ಬೇರೆ ಗ್ರಹ, ನೀವು ಮಾಡಿದ ಬೊಂಬೆಗಳೇ ಅಲ್ಲಿನ ಜನ. ಅವರಿಗೆ ಅಳಲು ಬರುವುದಿಲ್ಲವಂತೆ. ನೌಕೆಯಲ್ಲಿ ಅಲ್ಲಿಗೆ ಬಂದಿಳಿಯುವ ಪ್ರತಿಮಾಳದು ಬರೀ ಕಣ್ಣರಳಿಸುವ ಕೆಲಸ, ನಟನೆ ಅಂಥದ್ದೇನಿಲ್ಲ. ಕೊನೆಯಲ್ಲಿ ನೌಕೆ ಹೊರಡುತ್ತದೆ, ಸಣ್ಣ ಬೊಂಬೆಯೊಂದು ಬಂಡೆಯ ಮೇಲೆ ಉಳಿಯುತ್ತದೆ. ಶೂಟಿಂಗಿನ ದೀಪದ ಕಾವಿಗೆ ಅದಕ್ಕೆ ಹಾಕಿದ್ದ ಅರಗಿನ ಬಣ್ಣ ಕರಗಿ ಕಣ್ಣಿಂದ ಕೆಂಪಗೆ ಇಳಿಯಿತು. ಅಯ್ಯೋ, ನಾನು ಸುಲಿಯುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತುಹೋಯಿತು. ಆ ಕಾಲದಲ್ಲಿ ಜನ ನೋಡಿದ್ದು ಕಪ್ಪುಬಿಳುಪು ಟೀವಿಯಲ್ಲಿ. ಅವರಿಗೆ ಮುಖಕ್ಕೆ ಕೆಸರು ಮೆತ್ತಿದ ಹಾಗೆ ಕಂಡಿರಬೇಕು, ನಕ್ಕರು. ಬಣ್ಣದಲ್ಲಿ ನೋಡಿ, ಅಳಲು ಬಾರದ ಬೊಂಬೆ ಅಳುತ್ತಿದೆ. ಇಡೀ ಧಾರಾವಾಹಿಯಲ್ಲಿ ಅಷ್ಟು ಒಳ್ಳೆಯ ಕಂತು ಇನ್ನೊಂದಿಲ್ಲ. ಮಗಳನ್ನು ಕೂರಿಸಿಕೊಂಡು ಉಳಿದವನ್ನೂ ನೋಡಿಯೇ ಹೇಳುತ್ತಿದ್ದೇನೆ.

ಈಗ ನೀವು ಅದೇ ಬೊಂಬೆಯನ್ನು ಕರಗದ ಕಂಪನಿ ಪೇಂಟಿನಲ್ಲಿ ಮಾಡಿಕೊಡಲು ಒಪ್ಪಿದ್ದೀರಂತೆ. ಹಳೇ ತಪ್ಪು ತಿದ್ದುತ್ತೀನಿ ಅಂತ ವಿಡಿಯೋದಲ್ಲಿ ಆಕೆಗೆ ಮಾತು ಬೇರೆ ಕೊಟ್ಟಿದ್ದೀರಿ. ಯಾವ ತಪ್ಪು ರೀ? ಪೇಂಟು ಬಳಿದರೆ ನಕ್ಕವರ ಮಾತೇ ನಿಜವೆಂದು ನೀವೇ ಒಪ್ಪಿದ ಹಾಗಾಗುತ್ತದೆ. ಅರಗೇ ಹಾಕಿ. ಪ್ರದರ್ಶನದ ದೀಪಕ್ಕೆ ಕರಗಿದರೆ ಕರಗಲಿ, ಜನ ಈ ಸಲ ಬಣ್ಣದಲ್ಲಿ ನೋಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಮಾತ್ರೆ ಮರೆಯಬೇಡಿ. ಅತ್ತೆಯ ಆಶೀರ್ವಾದ, ಮಗಳ ನಮಸ್ಕಾರ.

ಇಂತಿ ನಿಮ್ಮ,
ಶಿವಲಕ್ಷ್ಮಿ

ಮರೆತಿದ್ದೆ: ಈ ಪತ್ರವನ್ನು ಗಫಾರನ ಕೈಗೆ ಕೊಡುತ್ತಿಲ್ಲ, ನಾನೇ ತರುತ್ತಿದ್ದೇನೆ. ಅವನು ತನ್ನ ಜೊತೆ ನನಗೂ ಒಂದು ಟಿಕೆಟ್ ಮಾಡಿಸಿದ್ದಾನೆ. ನಾನು ಬರುವವರೆಗೆ ಬೊಂಬೆಗೆ ಬಣ್ಣ ಮುಟ್ಟಿಸಬೇಡಿ ಎಂದು ಇವತ್ತೇ ಫೋನಿನಲ್ಲಿ ಹೇಳಿಬಿಡುತ್ತೇನೆ. ಈ ಸಲ ಕಡೆಯುವುದು ನೀವು, ಅರಗು ಹಾಕುವುದು ನಾನು. ಆಕೆ ಬೇಕಾದರೆ ನೋಡಿಕೊಂಡು ನಿಂತಿರಲಿ.